ಹನ್ನೆರಡರ ಗಂಟೆಗೆ ಬಿದ್ದ ಉಂಗುರ

ನಮ್ಮೂರಿಗೆ ಹೊಸದಾಗಿ ಬಂದವರು ಮಧ್ಯಾಹ್ನ ಹನ್ನೆರಡಕ್ಕೆ ಪೇಟೆಬೀದಿಯಲ್ಲಿ ನಿಂತರೆ ಬೆರಗಾಗುತ್ತಾರೆ. ಚರ್ಚಿನ ಗಂಟೆ ಢಣ್ ಎಂದ ಕೂಡಲೇ ಗಂಡಸರೆಲ್ಲ ಎಡಗೈಯಲ್ಲಿ ಸೊಂಟ ಹಿಡಿದುಕೊಂಡು ಬಲಗೈಯಲ್ಲಿ ಶಿಲುಬೆಯ ಗುರುತು ಹಾಕುತ್ತಾರೆ. ಹೆಂಗಸರು ಜಡೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಜಪ ಹೇಳುತ್ತಾರೆ. ಆಹಾ, ಎಂಥಾ ಭಕ್ತಿ ಎಂದು ಬಂದವರೂ ಕೈ ಮುಗಿಯುತ್ತಾರೆ. ಭಕ್ತಿಯೇನೋ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸೊಂಟ ಹಿಡಿದುಕೊಳ್ಳುವುದು ಪಂಚೆಗೋಸ್ಕರ. ಬೆಳಿಗ್ಗೆ ಪಂಚೆ ಉಡುವಾಗ ಮನಸ್ಸು ಬೇರೆಲ್ಲೋ ಇದ್ದಿದ್ದರೆ ಆ ಗಂಟೆಗೆ ಅದು ಬಿಚ್ಚಿಕೊಂಡು ಬೀಳುತ್ತದೆ.

ಪಂಚೆ ಒಂದೇ ಅಲ್ಲ. ಮನಸ್ಸಿಡದೆ ಮಾಡಿದ ಯಾವ ಕೆಲಸವೂ ನಮ್ಮೂರಲ್ಲಿ ಮುಂದಿನ ಗಂಟೆಯಾಚೆಗೆ ನಿಲ್ಲುವುದಿಲ್ಲ. ಬೆಳಿಗ್ಗೆ ಆರಕ್ಕೊಂದು, ಮಧ್ಯಾಹ್ನ ಹನ್ನೆರಡಕ್ಕೊಂದು, ಸಂಜೆ ಆರಕ್ಕೊಂದು, ದಿನಕ್ಕೆ ಮೂರು ಸಲ ಗಂಟೆ. ಒಂದು ಸಲದ ಗಂಟೆ ದಾಟಿತೆಂದರೆ ಆ ಕೆಲಸ ಉಳಿಯಿತು. ಇಲ್ಲವೋ, ಗುಡಿಸಿದ ಕಸ ಅಂಗಳಕ್ಕೆ ವಾಪಸ್ಸು, ಬೋಳಿಸಿದ ಗಡ್ಡ ಕೆನ್ನೆಗೆ ವಾಪಸ್ಸು, ಬೆಂದ ಬೇಳೆ ಮತ್ತೆ ಕಲ್ಲಾಗಿ ಪಾತ್ರೆಯ ತಳದಲ್ಲಿ. ಪಂಚಾಯಿತಿ ಕಚೇರಿಯಲ್ಲಿ ಬೆಳಗೆಲ್ಲ ಒತ್ತಿದ ಮೊಹರು ಕಾಗದದಿಂದ ಮಾಯವಾಗುವುದುಂಟು, ಅದಕ್ಕೇ ಜನ ಹನ್ನೆರಡೂ ಐದರವರೆಗೆ ಅಲ್ಲೇ ಕಾದು ನೋಡಿಕೊಂಡು ಹೊರಡುತ್ತಾರೆ. ಇದಕ್ಕೆ ಜಾತಿ ಮತದ ಭೇದವಿಲ್ಲ, ದೊಡ್ಡವರು ಚಿಕ್ಕವರೆಂಬುದೂ ಇಲ್ಲ. ನಮ್ಮ ಫಾದರ್ ಅವಸರದಲ್ಲಿ ಹೇಳಿ ಮುಗಿಸಿದ ಪೂಜೆಯ ಉಪದೇಶ ಹನ್ನೆರಡರ ಮೇಲೆ ಒಬ್ಬರ ತಲೆಯಲ್ಲೂ ಉಳಿಯುವುದಿಲ್ಲ. ಅದು ಮಾತ್ರ ಎಲ್ಲ ಊರಲ್ಲೂ ಹೀಗೇ ಎಂದು ಕೇಳಿದ್ದೇನೆ.

ನನ್ನ ಹೆಸರು ಜೋಜಪ್ಪ. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಸೈಕಲ್ ಶಾಪು ಇಟ್ಟಿದ್ದೇನೆ, ಇಡೀ ಊರಿಗೆ ಅದೊಂದೇ. ನಾನು ಹುಟ್ಟಿದ್ದೇ ಮೂರು ವಾರ ಮುಂಚೆಯಂತೆ. ಅವತ್ತಿನಿಂದಲೇ ಇವನ ಕಾಲು ನೆಲದ ಮೇಲೆ ನಿಂತಿಲ್ಲ ಎನ್ನುತ್ತಾಳೆ ನಮ್ಮವ್ವ. ಒಂದು ಕೈಯಲ್ಲಿ ಟ್ಯೂಬು, ಇನ್ನೊಂದರಲ್ಲಿ ಟೀ ಲೋಟ, ಕಣ್ಣು ರಸ್ತೆಯ ಮೇಲೆ, ಬಾಯಿ ಪಕ್ಕದ ಅಂಗಡಿಯವನ ಜೊತೆ. ಹೀಗೆ ಐದೈದು ನಿಮಿಷಕ್ಕೊಂದು ಪಂಕ್ಚರ್ ಹಾಕಿ ಬಿಸಾಕುತ್ತಿದ್ದೆ. ಹನ್ನೆರಡು ಹೊಡೆಯಿತೆಂದರೆ ಎಲ್ಲ ಬೀದಿಗಳಿಂದ ಬುಸ್, ಬುಸ್ ಎಂದು ಸದ್ದು ಬರುತ್ತಿತ್ತು. ಅದರ ಹಿಂದೆಯೇ ಬೈಗುಳ. ಆಮೇಲೆ ಎಲ್ಲರೂ ಸೈಕಲ್ ತಳ್ಳಿಕೊಂಡು ನನ್ನ ಅಂಗಡಿಗೇ. ಬೇರೆ ಅಂಗಡಿ ಇದ್ದರೆ ತಾನೆ ಹೋಗುವುದು!

ಇಂಥ ನನಗೆ ಟೈಲರ್ ಆಗ್ನೇಸು ಹೇಗೆ ಒಪ್ಪಿದಳು ಎಂದು ಊರಿಗೆ ಊರೇ ತಲೆ ಕೆರೆದುಕೊಂಡಿತ್ತು. ಆಗ್ನೇಸು ಹಾಕಿದ ಹೊಲಿಗೆ ಒಂದಾದರೂ ಬಿಚ್ಚಿದ್ದನ್ನು ಕಂಡವರಿಲ್ಲ. ಅವಳು ಹಚ್ಚಿದ ಗುಂಡಿಯನ್ನು ಅಂಗಿ ಹರಿದ ಮೇಲೂ ಜನ ಕತ್ತರಿಸಿ ತೆಗೆದಿಟ್ಟುಕೊಳ್ಳುತ್ತಿದ್ದರು. ಹನ್ನೆರಡಕ್ಕೆ ಜಡೆ ಹಿಡಿದುಕೊಳ್ಳದೆ ಎರಡೂ ಕೈ ಜೋಡಿಸಿ ಜಪ ಹೇಳುತ್ತಿದ್ದ ಹೆಂಗಸೆಂದರೆ ಊರಲ್ಲಿ ಅವಳೊಬ್ಬಳೇ. ಅದು ಅವಳಿಗೂ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

ಒಪ್ಪಿದ್ದಕ್ಕೆ ಕಾರಣ ಒಂದು ಪಂಕ್ಚರ್. ಮದುವೆಗೆ ನಾಲ್ಕು ವರ್ಷ ಮುಂಚೆ ಅವಳ ಸೈಕಲ್ಲಿನ ಹಿಂದಿನ ಟೈರಿಗೆ ಮುಳ್ಳು ಚುಚ್ಚಿತ್ತು. ನಾನು ಕೆಲಸ ಮುಗಿಸುವವರೆಗೂ ಅವಳು ಪಕ್ಕದಲ್ಲೇ ನಿಂತಿದ್ದಳು. ಆ ಕೆಲಸ ಮುಗಿಯುವುದೇ ಬೇಡ ಅನ್ನಿಸಿಬಿಟ್ಟಿತು ನನಗೆ. ಐದು ನಿಮಿಷದ ಕೆಲಸ ಒಂದು ಗಂಟೆ ಮಾಡಿದೆ. ಆ ತೇಪೆ ಅವತ್ತು ಬಿಚ್ಚಲಿಲ್ಲ, ಮರುದಿನ ಬಿಚ್ಚಲಿಲ್ಲ, ಮುಂದೆಂದೂ ಬಿಚ್ಚಲಿಲ್ಲ. "ಇಡೀ ಊರಲ್ಲಿ ನಿಮ್ಮ ಕೈಯಿಂದ ನಿಂತಿರೋದು ಅದೊಂದೇ ತೇಪೆ," ಅಂದಳು ಅವಳು, ಅವ್ವನೂ ನಾನೂ ಹೆಣ್ಣು ಕೇಳಲು ಹೋದಾಗ. "ಅದನ್ನ ನೋಡಿ ಒಪ್ಪಿದೀನಿ. ಬೇರೆ ಯಾವುದನ್ನೂ ನೋಡಿ ಅಲ್ಲ."

ನಮ್ಮಲ್ಲಿ ಮದುವೆಯೆಂದರೆ ಚರ್ಚಿನ ಹನ್ನೊಂದರ ಪೂಜೆಯಲ್ಲಿ. ಗಂಡು ಹೆಣ್ಣಿಗೆ ಉಂಗುರ ತೊಡಿಸುತ್ತಾನೆ, ಹೆಣ್ಣು ಗಂಡಿಗೆ ತೊಡಿಸುತ್ತಾಳೆ. ಪೂಜೆ ಮುಗಿದರೂ ಯಾರೂ ಏಳುವುದಿಲ್ಲ. ಇಬ್ಬರೂ ಜನರ ಕಡೆ ತಿರುಗಿ ಉಂಗುರದ ಕೈ ಚಾಚಿ ನಿಲ್ಲಬೇಕು. ಹನ್ನೆರಡರ ಗಂಟೆ ಮುಗಿದು ಎರಡು ಉಂಗುರವೂ ಬೆರಳಲ್ಲೇ ಉಳಿದರೆ ಮದುವೆಯಾಯಿತು, ಊಟಕ್ಕೆ ಏಳಬಹುದು. ತೊಡಿಸುವಾಗ ಮನಸ್ಸು ಎಲ್ಲೋ ಇದ್ದಿದ್ದರೆ, ತೊಡಿಸಿದ ಉಂಗುರ ಎಷ್ಟೇ ಬಿಗಿಯಾಗಿರಲಿ, ಜಾರಿ ನೆಲಕ್ಕೆ ಬೀಳುತ್ತದೆ. ಸಾಮಾನ್ಯವಾಗಿ ಬೀಳುವುದಿಲ್ಲ. ಮದುವೆಯ ದಿನ ಯಾರಿಗೆ ತಾನೆ ಮನಸ್ಸಿರುವುದಿಲ್ಲ?

ನನಗಿರಲಿಲ್ಲ. ಶಾಮಿಯಾನದ ಕುರ್ಚಿ ಇಳಿಸಿದರೋ ಇಲ್ಲವೋ, ಚಿಕ್ಕಮ್ಮನ ಮನೆಯವರು ಬಸ್ಸು ತಪ್ಪಿಸಿಕೊಂಡರೋ ಏನೋ, ಬಿರಿಯಾನಿಗೆ ಮೊಸರು ಸಾಲದೇ ಹೋದರೆ ಏನು ಗತಿ ಎಂದುಕೊಳ್ಳುತ್ತಲೇ ಆಗ್ನೇಸುವಿನ ಬೆರಳಿಗೆ ಉಂಗುರ ತುರುಕಿದ್ದೆ. ಹನ್ನೆರಡಕ್ಕೆ ಅದು ಟಿಂಗ್ ಎಂದು ಬಿದ್ದು ಉರುಳುತ್ತಾ ಮೂರನೇ ಬೆಂಚಿನ ಕೆಳಗೆ ಹೋಯಿತು. ನನ್ನ ಮಾನವೂ ಅದರ ಹಿಂದೆಯೇ ಹೋಯಿತು.

ಎರಡನೇ ಸಲ ಅಂಥ ತಪ್ಪು ಮಾಡಬಾರದೆಂದು ಪಣ ತೊಟ್ಟು ಬಂದೆ. ಉಂಗುರ ಕೈಗೆ ಬಂದ ಕೂಡಲೇ ಮನಸ್ಸಿನಲ್ಲೇ 'ಗಮನ ಇಡು ಜೋಜಪ್ಪ, ಗಮನ ಇಡು' ಎಂದು ಹಲ್ಲು ಕಚ್ಚಿ ಹೇಳಿಕೊಳ್ಳತೊಡಗಿದೆ. ಗಮನವೆಲ್ಲ ಗಮನದ ಮೇಲೇ ಹೋಯಿತು, ಅವಳ ಮೇಲೆ ಉಳಿಯಲಿಲ್ಲ. ಟಿಂಗ್. ಜನ ಎರಡನೇ ಸಲವೂ ಉಡುಗೊರೆಗಳನ್ನು ವಾಪಸ್ಸು ಎತ್ತಿಕೊಂಡು ಹೋದರು. ಅದರಲ್ಲಿ ಆರು ಗೋಡೆ ಗಡಿಯಾರ ಇದ್ದವು.

ಆ ಎರಡು ಸಲವೂ ನಾನು ಆಗ್ನೇಸುವಿನ ಹಿಂದೆ ಓಡಿ ಓಡಿ ಕ್ಷಮೆ ಕೇಳಿದ್ದೆ. "ನಿಮ್ಮ ಕ್ಷಮೆ ಸಂಜೆ ಆರರ ಗಂಟೆಗೆ ನನಗೆ ಮರೆತೇ ಹೋಗುತ್ತೆ ಕಣ್ರೀ, ಅಷ್ಟು ಅವಸರದಲ್ಲಿ ಕೇಳ್ತೀರಿ," ಅಂದಳು. ಅವಳ ಕಣ್ಣು ಕೆಂಪಾಗಿತ್ತು. "ಇನ್ನೊಂದೇ ಸಲ. ಮೂರನೇ ಸಲಾನೂ ಉಂಗುರ ಬಿದ್ರೆ ಇದು ದೇವರಿಗೆ ಇಷ್ಟ ಇಲ್ಲ ಅಂತ ತಿಳ್ಕೊಂಡು, ಹೊಲಿಗೆ ಮಿಷನ್ ಎತ್ಕೊಂಡು ನಮ್ಮಕ್ಕನ ಊರಿಗೆ ಹೊರಟುಹೋಗ್ತೀನಿ. ವಾಪಸ್ ಬರಲ್ಲ." ಆಗ್ನೇಸು ಆಡಿದ ಮಾತು ಅವಳು ಹಾಕಿದ ಹೊಲಿಗೆಯಷ್ಟೇ ಗಟ್ಟಿ.

ಅಷ್ಟರಲ್ಲಿ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತು. ಆ ನಲವತ್ತು ದಿನ ನಮ್ಮಲ್ಲಿ ಮದುವೆಯಿಲ್ಲ. ನಾನು ಸೀದಾ ಉಪದೇಶಿ ಚೌರಪ್ಪನವರ ಹತ್ತಿರ ಹೋದೆ. ಮಕ್ಕಳಿಗೆ ಜಪ ಕಲಿಸುವುದು, ಮೂರು ಹೊತ್ತು ಗಂಟೆ ಹೊಡೆಯುವುದು, ಎರಡೂ ಎಂಬತ್ತು ದಾಟಿದ ಆ ತಾತನದೇ ಕೆಲಸ. "ತಾತ, ನನ್ನ ಮದುವೆ ದಿನ ಒಂದೇ ಒಂದು ಹೊತ್ತು ಗಂಟೆ ಹೊಡೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ," ಅಂದೆ. "ಹೊಡೀದಿದ್ರೆ ಉಂಗುರ ಉಳಿಯುತ್ತೆ ಕಣೋ. ಹೆಂಡ್ತಿ ಉಳೀತಾಳಾ?" ಅಂದರು ತಾತ. "ಎಲ್ಲಿ, ಯೇಸುಸ್ವಾಮಿ ಕಲಿಸಿದ ಜಪ ಹೇಳು ನೋಡೋಣ." ನಾನು ಒಂದೇ ಉಸಿರಿಗೆ ಹೇಳಿ ಆಮೆನ್ ಅಂದೆ. ತಾತ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡರು. "ಏನೋ ಅದು, ಬಸ್ಸು ಹೋದಂಗಾಯ್ತು! ಇನ್ಮೇಲೆ ದಿನಕ್ಕೊಂದೇ ಪದ. ಮೊದಲನೇ ಪದಾನ ನಾಳೆ ಬೆಳಿಗ್ಗೆಯಿಂದ ರಾತ್ರಿವರೆಗೂ ಜೊತೇಲಿಟ್ಕೊಂಡು ಓಡಾಡು. ಅದು ನಿನ್ನ ಜೊತೆ ಮಾತಾಡಿದ ಮೇಲೇ ಎರಡನೇದು."

ನನಗೆ ನಗು ಬಂತು, ಆದರೆ ಬೇರೆ ದಾರಿ ಎಲ್ಲಿತ್ತು? ಮೊದಲ ದಿನದ ಪದ 'ಸ್ವರ್ಗದಲ್ಲಿರುವ'. ಇಡೀ ದಿನ ಮೇಲೆ ನೋಡುತ್ತಾ ನಡೆದು ಲೈಟ್ ಕಂಬಕ್ಕೆ ಹಣೆ ಹೊಡೆಸಿಕೊಂಡೆ. ಎರಡನೇ ದಿನದ್ದು 'ನಮ್ಮ'. ನನ್ನ ತಂದೆ ಅಲ್ಲ, ನಮ್ಮ ತಂದೆ. ಅಂದರೆ ಯಾರ ಯಾರ ತಂದೆ ಎಂದು ಯೋಚಿಸುತ್ತಾ ಕುಳಿತಾಗ ಪಕ್ಕದ ಅಂಗಡಿಯವನು ಕಣ್ಣಿಗೆ ಬಿದ್ದ. ಒಂಬತ್ತು ವರ್ಷದಿಂದ ಅವನ ಜೊತೆ ಹರಟೆ ಹೊಡೆದಿದ್ದೆ, ಅವನ ಹೆಸರೇ ಕೇಳಿರಲಿಲ್ಲ! ಎದ್ದು ಹೋಗಿ ಕೇಳಿದೆ. ಗುಂಡಯ್ಯ ಅಂದ. ಅವನಿಗೂ ನನ್ನ ಹೆಸರು ಗೊತ್ತಿರಲಿಲ್ಲ, ಬುಸ್ ಬುಸ್ ಅಣ್ಣ ಎಂದೇ ಮನೆಯಲ್ಲಿ ಹೇಳುತ್ತಿದ್ದನಂತೆ.

'ನಮ್ಮ ಆಹಾರವನ್ನು ಇಂದು ನಮಗೆ ಕೊಡು' ಎನ್ನುವಲ್ಲಿ 'ಇಂದು' ಎಂಬ ಪದ ಬಂದಾಗ ನಾಲ್ಕು ದಿನ ಅಲ್ಲೇ ಸಿಕ್ಕಿಕೊಂಡೆ. ನಾಳೆಯ ಆಹಾರವನ್ನು ಸ್ವಾಮಿ ಕೇಳಲೇ ಇಲ್ಲವಲ್ಲ, ಇಂದಿನದನ್ನು ಮಾತ್ರ ಕೇಳಲು ಹೇಳಿದ್ದಾರಲ್ಲ! ನಾನೋ, ಹುಟ್ಟಿದಾಗಿನಿಂದ ನಾಳೆಯಲ್ಲೇ ಬದುಕಿದವನು. ಟೀ ಲೋಟ ಕೆಳಗಿಟ್ಟೆ. ಟ್ಯೂಬು ಕೈಗೆ ಬಂದರೆ ಟ್ಯೂಬನ್ನೇ ನೋಡಿದೆ. ಮುಳ್ಳು ಎಲ್ಲಿ ಹೊಕ್ಕಿದೆ, ರಬ್ಬರು ಎಲ್ಲಿ ಸವೆದಿದೆ, ಎಲ್ಲ ಕಾಣಿಸತೊಡಗಿತು. ಒಂದು ದಿನ ಹನ್ನೆರಡಕ್ಕೆ ಒಂದು ಬೀದಿಯಿಂದಲೂ ಬುಸ್ ಎಂಬ ಸದ್ದು ಬರಲಿಲ್ಲ. ಗಂಟೆ ಹೊಡೆದಿದೆಯೋ ಇಲ್ಲವೋ ಎಂದು ಜನ ಹೊರಗೆ ಬಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ನಾನು ಅಂಗಡಿಯ ಹಿಂದೆ ಹೋಗಿ ಒಬ್ಬನೇ ಕುಳಿತು ಅತ್ತೆ. ಸಂತೋಷಕ್ಕೇ.

ಈಸ್ಟರ್ ಕಳೆದ ಮೂರನೇ ದಿನ ಮದುವೆ. ನನ್ನ ಜಪ ಅಷ್ಟರಲ್ಲಿ 'ಕ್ಷಮಿಸು' ಎಂಬಲ್ಲಿಗೆ ಬಂದು ನಿಂತಿತ್ತು. ಸರಿಯಾಗೇ ಬಂತು, ಎರಡು ಸಲ ಅವಮಾನ ಮಾಡಿದ್ದೀನಿ, ಇವತ್ತು ಅವಳ ಹತ್ತಿರ ಕೇಳುವುದು ಇದನ್ನೇ ಎಂದುಕೊಂಡು ಚರ್ಚಿಗೆ ಹೋದೆ. ಅಡಿಗೆಯ ಬಾಷಾ ಸಾಬರು ಬಾಗಿಲಲ್ಲೇ ನಿಂತಿದ್ದರು, ಎರಡು ಸಲ ಅವರ ಬಿರಿಯಾನಿ ಉಣ್ಣುವವರಿಲ್ಲದೆ ಆರಿಹೋಗಿತ್ತು. ಅವರು ನನ್ನ ಬೆನ್ನು ತಟ್ಟಿದರು. ಮುದುಕಿಯರು ಮುಂದಿನ ಬೆಂಚು ಹಿಡಿಯಲು ಹತ್ತಕ್ಕೇ ಬಂದು ಕುಳಿತಿದ್ದರು.

ಉಂಗುರ ತೊಡಿಸುವ ಹೊತ್ತು ಬಂತು. ಅವಳ ಕೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಆದ ಸಣ್ಣ ಸಣ್ಣ ಚುಕ್ಕಿಗಳು. ಇದೇ ಕೈ ಎರಡು ಸಲ ಹಿಡಿದಿದ್ದೆ, ಒಂದು ಚುಕ್ಕಿಯನ್ನೂ ಕಂಡಿರಲಿಲ್ಲ. ಊರಿನವರ ಅಂಗಿಯೆಲ್ಲ ಈ ಚುಕ್ಕಿಗಳಿಂದ ನಿಂತಿದೆಯಲ್ಲ ಅನ್ನಿಸಿತು. ಉಂಗುರ ನಿಧಾನವಾಗಿ ಬೆರಳೇರಿತು, ಅವಸರವೇ ಇರಲಿಲ್ಲ. ಆಮೇಲೆ ಅವಳು ನನಗೆ ತೊಡಿಸಿದಳು. ಪೂಜೆ ಮುಗಿಯಿತು. ಇಬ್ಬರೂ ಕೈ ಚಾಚಿ ನಿಂತೆವು. ಚೌರಪ್ಪ ತಾತ ಹಗ್ಗ ಎಳೆದರು.

ಆಗ್ನೇಸುವಿನ ಉಂಗುರ ಅಲ್ಲಾಡಲಿಲ್ಲ. ಕೊನೆಯ ಢಣ್ ಮುಗಿಯಿತು, ಆಗಲೂ ಅಲ್ಲಾಡಲಿಲ್ಲ. ಮುಂದಿನ ಬೆಂಚಿನ ಮುದುಕಿಯೊಬ್ಬಳು "ಗೆದ್ದ ಕಣ್ರೇ ನನ್ ಮಗ!" ಎಂದು ಕೂಗಿದಳು. ಚಪ್ಪಾಳೆ ಶುರುವಾಯಿತು. ಆ ಚಪ್ಪಾಳೆಯ ಮಧ್ಯೆ ಟಿಂಗ್ ಎಂದಿತು. ಬಿದ್ದದ್ದು ನನ್ನ ಉಂಗುರ.

ಯಾರಿಗೂ ಅರ್ಥವಾಗಲಿಲ್ಲ. ನನ್ನ ಬೆರಳಿಗೆ ಅದನ್ನು ತೊಡಿಸಿದವಳು ಆಗ್ನೇಸು. ಆಗ್ನೇಸುವಿನ ಕೈಯಿಂದ ಏನಾದರೂ ಬಿಚ್ಚುವುದುಂಟೆ? ಅವಳು ಬರಿದಾದ ನನ್ನ ಬೆರಳನ್ನೇ ನೋಡುತ್ತಾ ನಿಂತಳು. ಕುತ್ತಿಗೆಯಿಂದ ಹಣೆಯವರೆಗೆ ಕೆಂಪೇರಿತು. "ಇವರಿಗೆ ತೊಡಿಸುವಾಗ ನಾನು ನನ್ನ ಉಂಗುರಾನೇ ನೋಡ್ತಿದ್ದೆ, ಫಾದರ್," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಎಲ್ಲಿ ಮತ್ತೆ ಬೀಳುತ್ತೋ ಅಂತ. ಇವರ ಕೈಯನ್ನ ನೋಡಲೇ ಇಲ್ಲ." ಫಾದರ್ ಏನೋ ಹೇಳಲು ಬಾಯಿ ತೆರೆದರು. ಅವಳು ಸೆರಗು ಎಳೆದುಕೊಂಡು ಬೆಂಚುಗಳ ನಡುವೆ ನಡೆದು ಹೊರಟೇ ಹೋದಳು. ಆಡಿದ ಮಾತು ಆಡಿದ್ದೇ. ಯಾರ ಬೆರಳಿನದ್ದಾದರೇನು, ಉಂಗುರ ಬಿದ್ದಿತ್ತು.

ಓಡಬೇಕು ಅನ್ನಿಸಿತು. ಕಾಲು ಒಂದು ಹೆಜ್ಜೆ ಮುಂದೆ ಹೋಗಿಯೂ ಬಿಟ್ಟಿತ್ತು. ಆದರೆ ಎರಡು ಸಲ ಓಡಿ ಏನಾಗಿತ್ತೆಂದು ನನಗೆ ಗೊತ್ತಿತ್ತು. ಬಗ್ಗಿ ಉಂಗುರ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ. ನಡೆದು ಹೋಗಿ ಅಂಗಡಿಯ ಬಾಗಿಲು ತೆರೆದು ಮದುವೆಯ ಕೋಟಿನಲ್ಲೇ ಕುಳಿತೆ. ಅವಳಕ್ಕನ ಊರಿಗೆ ಐದೂವರೆಗೆ ಒಂದೇ ಬಸ್ಸು. ಬಸ್ಸಿಗೆ ಹೋಗುವವರು ನನ್ನ ಅಂಗಡಿಯ ಮುಂದೆಯೇ ಹೋಗಬೇಕು. ಒಂದು ಸಲ ಮುಖ ನೋಡುತ್ತೇನೆ, ಅಷ್ಟೇ, ಎಂದುಕೊಂಡೆ.

ಐದಕ್ಕೆ ಬಂದಳು. ಮದುವೆಯ ಬಿಳಿ ಸೀರೆಯಲ್ಲೇ ಇದ್ದಳು. ಹೊಲಿಗೆ ಮಿಷನ್ನನ್ನು ಹಗ್ಗದಿಂದ ಕ್ಯಾರಿಯರಿಗೆ ಬಿಗಿದು, ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು. ಸೈಕಲ್ ಕುಂಟುತ್ತಿತ್ತು. ಹಿಂದಿನ ಟೈರು ನೆಲಕ್ಕೆ ಕಚ್ಚಿಕೊಂಡಿತ್ತು. ಅಂಗಡಿ ದಾಟಿ ಹತ್ತು ಹೆಜ್ಜೆ ಹೋದಳು, ನಿಂತಳು, ತಿರುಗಿ ಬಂದಳು. "ಮುಳ್ಳು ಚುಚ್ಚಿದೆ," ಅಂದಳು ನನ್ನ ಮುಖ ನೋಡದೆ. "ಮಿಷನ್ ಭಾರ, ಹೊರೋಕಾಗಲ್ಲ. ಬೇಗ ಒಂದು ಪಂಕ್ಚರ್ ಹಾಕಿ, ಬಸ್ಸಿಗೆ ಹೋಗ್ಬೇಕು."

ಬೇಗ ಹಾಕುವುದು ನನಗೆ ಬಾರದ ವಿದ್ಯೆಯೇ? ಐದು ನಿಮಿಷದ ಕೆಲಸ. ಆದರೆ ಬೇಗ ಹಾಕಿದರೆ ಆರಕ್ಕೆ ಬುಸ್ ಎನ್ನುತ್ತದೆ. ಅಕ್ಕನ ಊರಲ್ಲಿ ಇಳಿದು ಅವಳು ಆ ಭಾರ ತಳ್ಳಬೇಕು. ಬಸ್ಸು ತಪ್ಪಲಿ ಎಂದು ಸುಮ್ಮನೆ ತಡ ಮಾಡಿದರೆ ಅದೂ ಮನಸ್ಸಿಲ್ಲದ ಕೆಲಸವೇ. ದೇವರೇ, ಇವಳು ನನ್ನನ್ನು ಬಿಟ್ಟು ಹೋಗುವುದಕ್ಕೆ ಬೇಕಾದ ಪಂಕ್ಚರನ್ನು ನಾನೇ ಸರಿಯಾಗಿ ಹಾಕಿಕೊಡಬೇಕೇ? ಅವತ್ತಿನ ಪದ 'ಕ್ಷಮಿಸು' ನೆನಪಾಯಿತು. ಅದನ್ನು ಅವಳಿಂದ ಕೇಳುವುದಕ್ಕೆಂದು ಇಟ್ಟುಕೊಂಡಿದ್ದೆ, ಅದು ನಾನೇ ಕೊಡಬೇಕಾದದ್ದಾಗಿತ್ತು. "ಆಗ್ನೇಸು, ನನಗೇನೂ ಕೋಪ ಇಲ್ಲ," ಅಂದೆ. "ಎರಡು ಸಲ ಬೀಳಿಸಿದವನು ನಾನು. ಒಂದು ಸಲ ಬಿದ್ದಿದ್ದಕ್ಕೆ ನೀನು ಹೀಗೆ ತಲೆ ತಗ್ಗಿಸ್ಬೇಡ. ಕೂತ್ಕೋ." ಕೋಟು ಬಿಚ್ಚಿಟ್ಟು ಟೈರು ಕಳಚಿದೆ.

ಅವಳು ಕೂರಲಿಲ್ಲ. ಟ್ಯೂಬಿಗೆ ಗಾಳಿ ಹೊಡೆದು ನೀರಿನ ಬೋಗುಣಿಯಲ್ಲಿ ಅದ್ದಿದಾಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. ಇಬ್ಬರೂ ನೀರು ನೋಡಿದೆವು. ನಾಲ್ಕು ವರ್ಷದ ಹಿಂದಿನ ತೇಪೆ ಬಂತು. "ಇನ್ನೂ ಹಂಗೇ ಇದೆ," ಅಂದಳು. ಅದರಿಂದ ಎರಡು ಬೆರಳು ಆಚೆ ಗುಳ್ಳೆ ಏಳುತ್ತಿತ್ತು. ನಾನು ಇನ್ನಷ್ಟು ಬಗ್ಗಿದೆ, ಜೇಬಿನಿಂದ ಉಂಗುರ ಜಾರಿ ಬೋಗುಣಿಗೆ ಬಿತ್ತು.

ಅವಳು ಕೈ ಹಾಕಿದಳು. ಕೆಸರು ನೀರಲ್ಲಿ ತಡಕಾಡಿ ತೆಗೆದು, ಮದುವೆಯ ಸೀರೆಯ ಸೆರಗಿನಿಂದಲೇ ಒರೆಸಿದಳು. "ಕೈ ಕೊಡಿ. ಜೇಬಲ್ಲಿಟ್ರೆ ಕಳ್ಕೋತೀರಿ." ಮಸಿ ಹತ್ತಿದ ನನ್ನ ಬೆರಳನ್ನು ಹಿಡಿದು ನಿಧಾನವಾಗಿ ತೊಡಿಸಿದಳು. ಗೆಣ್ಣಿನ ಹತ್ತಿರ ಉಂಗುರ ತಡೆಯಿತು. ಅಲ್ಲೊಂದು ಹಳೆಯ ಗಾಯದ ಗುರುತಿತ್ತು. "ಇದೇನಾಗಿತ್ತು?" ಅಂದಳು. ಚಿಕ್ಕವನಿದ್ದಾಗ ಚೈನಿಗೆ ಸಿಕ್ಕಿತ್ತು ಅಂದೆ. "ನೋವಾಯ್ತಾ?" ಅಂದಳು. ಯಾರೂ ಕೇಳಿರಲಿಲ್ಲ ಅದನ್ನು. ನೋವಾಯಿತು ಅಂದೆ. ಅವಳು ಗಾಯದ ಮೇಲೆ ಹೆಬ್ಬೆರಳಿಟ್ಟು ಉಂಗುರವನ್ನು ಮೆಲ್ಲಗೆ ದಾಟಿಸಿದಳು. ಆಮೇಲೆ ನಾನು ಅರದಿಂದ ರಬ್ಬರು ಉಜ್ಜಿದೆ, ಅವಳು ಟ್ಯೂಬು ಎಳೆದು ಹಿಡಿದಳು. ಅಂಟಿನ ಸೊಲ್ಯೂಷನ್ ಹಚ್ಚಿ, ಆರಲು ಬಿಟ್ಟು, ತೇಪೆ ಒತ್ತಿದೆ. ಮತ್ತೆ ನೀರಿಗೆ ಅದ್ದಿ ಗುಳ್ಳೆ ಬರುವುದೋ ಎಂದು ಇಬ್ಬರೂ ತಲೆಗೆ ತಲೆ ತಾಗಿಸಿ ನೋಡುತ್ತಿದ್ದೆವು.

ಢಣ್ ಎಂದಿತು ಗಂಟೆ. ಆರು!

ನೀರು ಅಲುಗಾಡಲಿಲ್ಲ. ಬುಸ್ ಎನ್ನಲಿಲ್ಲ. ಕೊನೆಯ ಸದ್ದು ನಿಂತ ಎಷ್ಟೋ ಹೊತ್ತಿನ ಮೇಲೆ ಆಗ್ನೇಸು ಟ್ಯೂಬಿನಿಂದ ಕಣ್ಣು ತೆಗೆದು ನನ್ನ ಕೈ ನೋಡಿದಳು. ಉಂಗುರ ಅಲ್ಲೇ ಇತ್ತು. ತನ್ನ ಕೈ ನೋಡಿಕೊಂಡಳು, ಅದೂ ಇತ್ತು. "ಅಯ್ಯೋ, ಬಸ್ಸು!" ಅಂದಳು. ಆಮೇಲೆ ಬೋಗುಣಿಯ ಪಕ್ಕ ನೆಲದ ಮೇಲೇ ಕುಳಿತು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದ ಹಾಗೆ ಮುಖ ಮುಚ್ಚಿಕೊಂಡಳು. ನಾನೂ ಪಕ್ಕದಲ್ಲಿ ಕುಳಿತೆ. ಎದುರು ಬೀದಿಯಲ್ಲಿ ಗುಂಡಯ್ಯ ಸುದ್ದಿ ಹೇಳಲು ಕೈಯೆತ್ತಿಕೊಂಡು ಚರ್ಚಿನ ಕಡೆ ಓಡುತ್ತಿದ್ದ.

ಮನೆಗೆ ಹೋಗಿದ್ದ ಜನ ಮತ್ತೆ ಚರ್ಚಿಗೆ ಬಂದರು, ಆರು ಗೋಡೆ ಗಡಿಯಾರ ಸಮೇತ. ಎಲ್ಲರ ಹೊಟ್ಟೆಯೂ ಹಸಿದು ತಾಳ ಹಾಕುತ್ತಿತ್ತು. ಬಿರಿಯಾನಿ ಎಲ್ಲಿ ಎಂದರೆ ಬಾಷಾ ಸಾಬರು ಖಾಲಿ ಹಂಡೆ ತೋರಿಸಿದರು. "ನಿಮ್ಮಿಬ್ಬರ ಮದುವೆ ನನಗೆ ಗೊತ್ತಿಲ್ವಾ? ಇನ್ನೂ ಅಕ್ಕಿನೇ ನೆನೆಸಿಲ್ಲ. ಬನ್ನಿ, ಎಲ್ಲರೂ ಕೂತು ಈರುಳ್ಳಿ ಬಿಡಿಸಿ." ಫಾದರ್ ಕೂಡ ಒಂದು ಬುಟ್ಟಿ ಈರುಳ್ಳಿ ಬಿಡಿಸಿದರು, ತುಂಬ ನಿಧಾನವಾಗಿ.

ಇದೆಲ್ಲ ಆಗಿ ಹನ್ನೊಂದು ವರ್ಷವಾಯಿತು. ಆಗ್ನೇಸು ಈಗ ಹನ್ನೆರಡಕ್ಕೆ ಎಲ್ಲರ ಹಾಗೆ ಒಂದು ಕೈಯಲ್ಲಿ ಜಡೆ ಹಿಡಿದುಕೊಳ್ಳುತ್ತಾಳೆ. ಬಿಚ್ಚುವುದಿಲ್ಲ, ಆದರೂ ಹಿಡಿದುಕೊಳ್ಳುತ್ತಾಳೆ. ಮೊನ್ನೆ ಅಂಗಡಿಯಲ್ಲಿ ಕುಳಿತಿದ್ದಾಗ ಐದೂವರೆಯ ಬಸ್ಸು ಹಾರ್ನ್ ಹೊಡೆಯುತ್ತಾ ಹೋಯಿತು. ಕಿವಿ ಕಿತ್ತುಹೋಗುವಂಥ ಹಾರ್ನು ಅದು. "ಅವತ್ತು ನಮ್ಮಿಬ್ಬರಿಗೂ ಇದು ಕೇಳಿಸಲೇ ಇಲ್ಲವಲ್ಲ, ಆಶ್ಚರ್ಯ," ಅಂದೆ.

"ನನಗೆ ಕೇಳಿಸ್ತು," ಅಂದಳು ಆಗ್ನೇಸು, ಸೂಜಿಗೆ ದಾರ ಪೋಣಿಸುತ್ತಾ. "ಎರಡು ಸಲ ಹೊಡೆದ. ಆದ್ರೆ ನೀವು ಸೊಲ್ಯೂಷನ್ ಹಚ್ಚಿ ಆರೋಕೆ ಬಿಟ್ಟಿದ್ರಿ. ಅರ್ಧಕ್ಕೆ ಹೆಂಗೆ ಎದ್ದು ಹೋಗ್ಲಿ?"